ಕಡಿದು ಮಾಡಿದ ಕೋಣೆ

ಬೇರೆಯವರ ಮನೆಯಲ್ಲಿ ಕೋಣೆ ಸಾಲದೆ ಬಂದರೆ ಕಲ್ಲು ತರಿಸುತ್ತಾರೆ. ನಮ್ಮ ಮನೆಯಲ್ಲಿ ಕಲ್ಲು ತೆಗೆಯುತ್ತಿದ್ದರು. ಕಾರ್ಕಳದಿಂದ ಪಡುಬಿದ್ರಿಯ ಕಡೆಗೆ ಹೋಗುವ ದಾರಿಯಲ್ಲಿ, ಮುಳಿಹುಲ್ಲು ಬಿಟ್ಟರೆ ಹೆಚ್ಚೇನೂ ಬೆಳೆಯದ ಒಂದು ಪದವಿನ, ಅಂದರೆ ಕಲ್ಲುನೆಲದ ಎತ್ತರದ ಬಯಲಿನ, ನಡುವೆ, ಕಲ್ಲು ಮುಗಿದು ಬಿಟ್ಟುಹೋದ ಕೆಂಪುಕಲ್ಲಿನ ಕೋರೆಯ ತಳದಲ್ಲಿ ನಾವಿದ್ದೆವು. ಅಪ್ಪ ಆ ಕೋರೆಯಲ್ಲಿ ಕಲ್ಲು ಕಡಿಯುವವರ ಮೇಸ್ತ್ರಿ. ಕೆಲಸ ಪದವಿನ ಆಚೆ ಬದಿಗೆ ಸರಿದ ಮೇಲೆ ಧಣಿಗಳು ಈ ಮೂಲೆಯನ್ನು ಅಪ್ಪನ ಹೆಸರಿಗೆ ಮಾಡಿಕೊಟ್ಟರಂತೆ. ಅಪ್ಪ ಮೂರೇ ಗೋಡೆ ಕಟ್ಟಿದರು. ನಾಲ್ಕನೆಯದು ಕೋರೆಯ ಮುಖ. ಕಡಿಯುತ್ತಾ ಹೋದಂತೆ ಎದುರಿಗೆ ನೆಟ್ಟಗೆ ನಿಲ್ಲುವ ಕಲ್ಲಿನ ಮೈಗೆ ಕೋರೆಯವರು ಮುಖ ಎನ್ನುತ್ತಾರೆ. ನಮ್ಮ ಅಡುಗೆಮನೆಯ ಪಡುಬದಿಗೆ ಅಂಥ ಒಂದು ಮುಖವಿತ್ತು, ಅದರ ಮೇಲೆ ಹಂಚಿನ ಮಾಡಿನ ಒಂದು ಅಂಚು ಕೂತಿತ್ತು. ಮಳೆಗಾಲದಲ್ಲಿ ನೀರು ನಿಂತೀತು ಎಂದು ಹೊಸಬರು ಹೆದರುತ್ತಿದ್ದರು. ಲಾರಿ ಇಳಿಯುತ್ತಿದ್ದ ಇಳಿಜಾರು ಮೂಡಣ ಬದಿಗೆ ತೆರೆದೇ ಇದ್ದದ್ದರಿಂದ, ಅದರ ಪಕ್ಕದಲ್ಲಿ ಅಪ್ಪ ಕಡಿದ ಕಣಿಯಲ್ಲಿ ನೀರೆಲ್ಲ ಕೆಳಗಿನ ತೋಡಿಗೆ ಓಡುತ್ತಿತ್ತು.

ಕೆಂಪುಕಲ್ಲಿಗೆ ಒಂದು ಗುಣ ಉಂಟು. ನೆಲದೊಳಗಿಂದ ಆಗಷ್ಟೇ ಬಿಡಿಸಿದಾಗ ಅದು ಮೆತ್ತಗಿರುತ್ತದೆ, ಗಾಳಿ ಬಿಸಿಲು ತಾಗುತ್ತಾ ಗಟ್ಟಿಯಾಗುತ್ತದೆ. ಹೊಸ ಮುಖ ಸಿಕ್ಕಿದ ತಿಂಗಳುಗಳಲ್ಲಿ ಅಪ್ಪ ಅಡುಗೆಮನೆಯ ಆ ಗೋಡೆಯಲ್ಲಿ ಬೇಕಾದಲ್ಲೆಲ್ಲ ಗೂಡು ಕೊರೆದಿದ್ದರು. ದೀಪಕ್ಕೊಂದು, ಉಪ್ಪಿನ ಮರಿಗೆಗೊಂದು, ಒಣಮೀನಿನ ಭರಣಿಗೆ ಬೆಕ್ಕು ಹಾರಿದರೂ ಸಿಕ್ಕದಷ್ಟು ಎತ್ತರದಲ್ಲಿ ಒಂದು. ನಾನು ಶಾಲೆಗೆ ಸೇರಿದಾಗ ನನ್ನ ಸ್ಲೇಟು ನಿಲ್ಲುವ ಹಾಗೆ ಒಂದು. ಅಷ್ಟರಲ್ಲಿ ಗೋಡೆ ಗಟ್ಟಿಯಾಗಿಬಿಟ್ಟಿದ್ದರಿಂದ ಆ ಗೂಡಿಗೆ ಅಪ್ಪನಿಗೆ ಇಡೀ ಒಂದು ಆದಿತ್ಯವಾರ ಬೇಕಾಯಿತು, ಒಂದು ಉಳಿಯ ಬಾಯಿಯೂ ಹೋಯಿತು. ಮಣಿಪಾಲದ ಈ ಫ್ಲ್ಯಾಟಿಗೆ ಬಂದ ಹೊಸತರಲ್ಲಿ ಒಂದು ಕ್ಯಾಲೆಂಡರ್ ತೂಗುಹಾಕಲಿಕ್ಕೆ ಮೊಳೆ ಹೊಡೆಯಬಹುದೇ ಎಂದು ಮನೆಯ ಮಾಲೀಕರಿಗೆ ಫೋನ್ ಮಾಡಿ ಕೇಳಿದ್ದೆ. ಬೇಡ ಅಂದರು. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಆ ಬಿಳಿ ಗೋಡೆಯನ್ನು ನೋಡುತ್ತಾ ಕೂತಿದ್ದೆ.

ಅಜ್ಜಿಯ ಕೋಣೆ ಆ ಮುಖದ ಒಳಗೆ ಇತ್ತು. ಅಮ್ಮ ಮದುವೆಯಾಗಿ ಬಂದ ವರ್ಷ ಅಪ್ಪ ಅದನ್ನು ಕಡಿದದ್ದು. ಹಗಲೆಲ್ಲ ಧಣಿಗಳ ಕೋರೆಯಲ್ಲಿ ಕಡಿದು ಬಂದು, ಬೆಲ್ಲ ಕಚ್ಚಿ ನೀರು ಕುಡಿದು, ಬೆಳಕಿರುವವರೆಗೆ ಇಲ್ಲಿ ಕಡಿಯುತ್ತಿದ್ದರಂತೆ. ಹೊರಗೆ ಬಂದ ಕಲ್ಲುಗಳೇ ನಮ್ಮ ಅಂಗಳದ ಮೆಟ್ಟಿಲಾದವು, ಬಟ್ಟೆ ಒಗೆಯುವ ಕಟ್ಟೆಯಾದವು. ಬಾಗಿಲಿಗೆ ಅಮ್ಮನ ಹಳೆಯ ಸೀರೆಯ ಪರದೆ. ಒಳಗೆ ಅಜ್ಜಿಯ ಓಲೆಯ ಚಾಪೆ, ಅವಳ ಮರದ ಪೆಟ್ಟಿಗೆ, ತಲೆಯ ಬಳಿ ಎಣ್ಣೆ ಬಾಟ್ಲಿ ಇಡುವ ಗೂಡು. ಮೇಲ್ಭಾಗವನ್ನು ಅಪ್ಪ ಕಮಾನಿನ ಹಾಗೆ ಬಾಗಿಸಿದ್ದರು, ಚಪ್ಪಟೆ ಮಾಡಿದರೆ ಕಲ್ಲು ನಿಲ್ಲುವುದಿಲ್ಲ ಎಂದು. ಆ ಕಮಾನಿನ ತುಂಬ ಕೊಡಲಿಯ ಗುರುತುಗಳು, ಒಂದರ ಪಕ್ಕದಲ್ಲಿ ಒಂದು, ಒಂದೇ ಓರೆಯಲ್ಲಿ, ಈಗಷ್ಟೇ ಬಾಚಿದ ಒದ್ದೆ ಕೂದಲಿನ ಹಾಗೆ. ನಾನು ಅಜ್ಜಿಯ ಪಕ್ಕ ಮಲಗಿ ಅವುಗಳನ್ನು ನೋಡುತ್ತಾ ನಿದ್ದೆ ಹೋಗುತ್ತಿದ್ದೆ. ಎಪ್ರಿಲಿನ ಮಧ್ಯಾಹ್ನ ಪದವಿನ ಮೇಲೆ ಕಾಲಿಡಲಾಗದಷ್ಟು ಕಾದಿರುವಾಗಲೂ ಅಲ್ಲಿ ಬಾವಿಕಟ್ಟೆಯ ತಂಪು. ಆಟಿ ತಿಂಗಳ ಮಳೆಯಲ್ಲಿ ಅದೇ ಕೋಣೆ ದನದ ಹೊಟ್ಟೆಗೆ ಒರಗಿ ಕೂತಷ್ಟು ಬೆಚ್ಚಗೆ. ವೀಳ್ಯದೆಲೆ, ಎಳ್ಳೆಣ್ಣೆ, ಹಸಿ ಕಲ್ಲು, ಈ ಮೂರು ಸೇರಿದ ಒಂದು ವಾಸನೆ ಇತ್ತು. ಅದನ್ನು ಆಮೇಲೆ ನಾನು ಎಲ್ಲಿಯೂ ಕಂಡಿಲ್ಲ.

ಮನೆಯ ಮಾತೂ ಕೋರೆಯದ್ದೇ. ಮೇಲಿನ ಬಿಸಿಲು ತಿಂದು ಕಪ್ಪಾದ ಗಟ್ಟಿ ಪದರಕ್ಕೆ ಅಪ್ಪ ಚಿಪ್ಪು ಎನ್ನುತ್ತಿದ್ದರು. ಅದನ್ನು ಒಡೆದ ಮೇಲೆಯೇ ಒಳ್ಳೆಯ ಕಲ್ಲು. ಕಡಿಯುತ್ತಾ ಕೆಳಗೆ ಹೋದರೆ ಒಂದು ದಿನ ಬಿಳಿ ಹಳದಿ ಬೆರೆತ ಮೆತ್ತನೆಯ ಶೇಡಿಮಣ್ಣು ಸಿಗುತ್ತದೆ, ಅಲ್ಲಿಗೆ ಕೋರೆ ಮುಗಿಯಿತು. ಹಾಗಾಗಿ ಅಕ್ಕಿಯ ಡಬ್ಬಿಯಲ್ಲಿ ಸೇರು ತಳ ಗೀರಿದರೆ ನಮ್ಮಲ್ಲಿ ಶೇಡಿ ಬಂತು. ಅಮ್ಮನ ತಾಳ್ಮೆ ಮುಗಿದರೂ ಶೇಡಿ ಬಂತು. ಯಾರಾದರೂ ನೆಂಟರು ಮೊದಲಿಗೆ ಬಿಗಿದುಕೊಂಡು ಕೂತರೆ, ಚಿಪ್ಪು ಇನ್ನೂ ಒಡೆಯಲಿಲ್ಲ ಎಂದು ಅಪ್ಪ ಅಮ್ಮನ ಕಡೆ ನೋಡಿ ಮೆಲ್ಲಗೆ ಹೇಳುತ್ತಿದ್ದರು. ಅಮ್ಮನಿಗೆ ಈ ಮಾತುಗಳು ಬರಲಿಕ್ಕೆ ತಡವಾಯಿತು. ಅವಳು ಎರ್ಮಾಳಿನವಳು, ಬಾಗಿಲು ತೆಗೆದರೆ ಕಡಲು ಕಾಣುವ ಮನೆಯವಳು. ಕೋರೆಯ ತಳದಲ್ಲಿ ನಿಂತು ತಲೆಯೆತ್ತಿ, ಈ ಊರಿನವರು ಆಕಾಶವನ್ನೂ ಚೌಕಾಕಾರ ಕಡಿದು ಇಟ್ಟಿದ್ದಾರೆ ಎಂದು ಅವಳು ಮದುವೆಯಾದ ಹೊಸತರಲ್ಲಿ ಹೇಳಿದ್ದನ್ನು ಅಜ್ಜಿ ವರ್ಷಗಟ್ಟಲೆ ಎಲ್ಲರಿಗೂ ಹೇಳುತ್ತಿದ್ದಳು, ಅರ್ಧ ತಮಾಷೆಗೆ, ಅರ್ಧ ದೂರಿಗೆ.

ಅವರಿಬ್ಬರ ನಡುವೆ ದೊಡ್ಡ ಜಗಳವೆಂದು ಇರಲಿಲ್ಲ, ಸಣ್ಣದಕ್ಕೆ ಬಿಡುವೂ ಇರಲಿಲ್ಲ. ಮೀನುಸಾರಿಗೆ ಹುಣಸೆಹುಳಿ ಎಷ್ಟು, ಕುಚ್ಚಲಕ್ಕಿಯ ಗಂಜಿ ಬಸಿಯಬೇಕೇ ಬೇಡವೇ, ನನ್ನ ತಲೆಗೆ ಎಣ್ಣೆ ಇವತ್ತೋ ನಾಳೆಯೋ. ಅಮ್ಮ ಅಜ್ಜಿಯನ್ನು, ತನ್ನ ಅತ್ತೆಯನ್ನು, ಮಾಮಿ ಎನ್ನುತ್ತಿದ್ದಳು. ಆ ಮಾಮಿ ಎನ್ನುವುದು ಕೆಲವು ದಿನ ಒಂದು ಸುತ್ತು ಉದ್ದವಾಗಿ ಬಂದರೆ ಅಜ್ಜಿ ಎದ್ದು ಪರದೆ ಸರಿಸಿ ಒಳಗೆ ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಳಗಿಂದ ಅಡಕೆ ಕುಟ್ಟುವ ಸದ್ದು. ಇಲ್ಲಿ ಅಮ್ಮ ಪಾತ್ರೆ ತಿಕ್ಕುವ ಸದ್ದು. ಎರಡೂ ನಿಧಾನವಾದಾಗ ನನಗೆ ಗೊತ್ತಾಗುತ್ತಿತ್ತು, ಇನ್ನು ಚಹಾ ಆಗುತ್ತದೆ ಎಂದು. ನಮ್ಮಷ್ಟು ಸಣ್ಣ ಮನೆಯಲ್ಲಿ ಮುನಿಸಿಗೆ ಹೋಗಿ ಕೂರಲು ಒಂದು ಜಾಗ ಇದ್ದದ್ದು ಎಷ್ಟು ದೊಡ್ಡದು ಎಂದು ಈಗ ತಿಳಿಯುತ್ತದೆ.

ಕೋರೆಯ ಮೇಲೆ, ಪಡುಬದಿಯ ಬಯಲನ್ನು ಫಿಲೊಮಿನಾ ಬಾಯಿ ಎಂಬವರು ಕೊಂಡರು. ಮುಂಬಯಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿ ಇರಲಿಕ್ಕೆ ಮನಸ್ಸಿರಲಿಲ್ಲ, ತನ್ನದೇ ಒಂದು ಸಣ್ಣ ಮನೆ ಕಟ್ಟಿಸಬೇಕೆಂದು ಊರಿಗೆ ಬಂದಿದ್ದರು. ಜಾಗ ಅಳೆಯಲು ಸರ್ವೇಯವರು ಬಂದದ್ದು ಒಂದು ಮಧ್ಯಾಹ್ನ. ನಮಗೆ ಅದು ಗೊತ್ತಿರಲಿಲ್ಲ. ನಾನೂ ಅಜ್ಜಿಯೂ ಊಟ ಮಾಡಿ ಕೋಣೆಯಲ್ಲಿ ಮಲಗಿದ್ದೆವು. ನೆತ್ತಿಯ ಮೇಲೆ ದಡ್ ಎಂದು ಒಂದು ಸದ್ದಾಯಿತು. ಮತ್ತೊಂದು. ಕಮಾನಿನಿಂದ ಕೆಂಪು ಹುಡಿ ಉದುರಿ ಅಜ್ಜಿಯ ಮುಖದ ಮೇಲೆ ಬಿತ್ತು. ಅಜ್ಜಿ ಎದ್ದು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಅಂಗಳಕ್ಕೆ ಹೋದಳು, ಹಿಂದಿನಿಂದ ನಾನು. ಮೇಲೆ ಕೋರೆಯ ಅಂಚಿನಲ್ಲಿ ಒಂದು ಕೆಂಪು ಬಾವುಟ, ಕೊಡೆ ಹಿಡಿದ ಒಬ್ಬರು ಹೆಂಗಸು, ಟೋಪಿಯ ಒಬ್ಬರು ಗಂಡಸು. ಇಬ್ಬರು ಆಳುಗಳು ಗಡಿಕಲ್ಲು ನೆಡಲು ಹೊಂಡ ಕುಟ್ಟುತ್ತಿದ್ದರು. ಅಜ್ಜಿಗೆ ತುಳು ಬಿಟ್ಟರೆ ಬರುತ್ತಿದ್ದ ಕನ್ನಡ ಹೆಚ್ಚಾಗಿ ಬಯಲಾಟದಲ್ಲಿ ಕೇಳಿ ಕಲಿತದ್ದು, ಅಧಿಕಾರಿಗಳ ಎದುರು ಅವಳು ಅದನ್ನೇ ತೆಗೆಯುತ್ತಿದ್ದಳು.

"ಎಲೈ ಮಹನೀಯರೇ, ಯಾರದು ನನ್ನ ಶಿರದ ಮೇಲೆ ಗುದ್ದುವವರು?"

ಸರ್ವೇಯವರು ಘಟ್ಟದ ಮೇಲಿನವರು. ಬಗ್ಗಿ ನೋಡಿ ನಕ್ಕರು.

"ಯಾರ ತಲೆ ಮೇಲೂ ಇಲ್ಲಜ್ಜಿ. ಇಲ್ಲಿ ಬರೀ ಬಯಲು."

"ಆ ಬಯಲಿನ ಕೆಳಗೆ ನಾನು ಶಯನ ಮಾಡಿರುವೆನು."

ಆಳುಗಳು ಕುಟ್ಟುವುದನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತಿನಲ್ಲಿ ಸರ್ವೇಯವರು, ಅವರ ಹಿಂದೆ ಫಿಲೊಮಿನಾ ಬಾಯಿ ಇಳಿಜಾರಿನಲ್ಲಿ ಇಳಿದು ಬಂದರು. ಅಮ್ಮ ಬೆಲ್ಲ ನೀರು ಕೊಟ್ಟಳು, ಚಹಾಕ್ಕೆ ಇಟ್ಟಳು. ಪರದೆ ಸರಿಸಿ ಕೋಣೆಯನ್ನು ಕಂಡಾಗ ಸರ್ವೇಯವರು ಟೋಪಿ ತೆಗೆದರು. ಅದು ಮರ್ಯಾದೆಗೋ, ಬಾಗಿಲು ಗಿಡ್ಡವಾಗಿದ್ದರಿಂದಲೋ, ಗೊತ್ತಿಲ್ಲ. ಮೇಲಿನ ಗಡಿಕಲ್ಲಿನಿಂದ ಕೋರೆಯ ಅಂಚಿಗೆ ಎಷ್ಟಾಗಿತ್ತೋ ಅಷ್ಟನ್ನು ಮುಖದಿಂದ ಒಳಕ್ಕೆ ಅಳೆದರು. ಆಳು ಟೇಪಿನ ತುದಿ ಹಿಡಿದು ಅಜ್ಜಿಯ ಪೆಟ್ಟಿಗೆಯ ಕಡೆಗೆ ಮೊಣಕಾಲಿನಲ್ಲಿ ಸಾಗಿದ. ಸರ್ವೇಯವರು ಸೀಮೆಸುಣ್ಣದಲ್ಲಿ ನೆಲಕ್ಕೆ ಅಡ್ಡಲಾಗಿ ಒಂದು ಗೆರೆ ಎಳೆದರು. ಗೆರೆ ಚಾಪೆಯನ್ನು ದಾಟಿ ಆಚೆ ಹೋಯಿತು. ಅಜ್ಜಿಯ ತಲೆದಿಂಬು ಇತ್ತ, ಉಳಿದದ್ದೆಲ್ಲ ಅತ್ತ. ಹಿಂದೆ ಕೋರೆ ನಡೆಯುವಾಗ ಎಲ್ಲವೂ ಒಬ್ಬರೇ ಧಣಿಗಳದ್ದಾಗಿತ್ತು, ಕಡಿಯುವಾಗ ಗಡಿ ಎಲ್ಲಿ ಎಂದು ಕೇಳುವ ಯೋಚನೆ ಅಪ್ಪನಿಗೆ ಬಂದಿರಲೇ ಇಲ್ಲ. ನೆಲದ ಮೇಲೆ ಬೇಲಿ ಸರಿಸಿದರೆ ಕಳ್ಳತನ ಎಂದು ತಿಳಿದಿದ್ದ ಮನುಷ್ಯ ನೆಲದೊಳಗೆ ಸೀದಾ ಬೇರೆಯವರ ಜಾಗಕ್ಕೆ ನುಗ್ಗಿ ತನ್ನ ತಾಯಿಗೆ ಹಾಸಿಗೆ ಹಾಕಿಕೊಟ್ಟಿದ್ದರು.

"ತಲೆ ನಿಮ್ದು, ಕಾಲು ಅವ್ರದ್ದು ಅಜ್ಜಿ," ಎಂದರು ಸರ್ವೇಯವರು. "ನಕ್ಷೇಲಿ ಮೇಲೆ ಕೆಳಗೆ ಅಂತ ಇರೋದಿಲ್ಲ. ಗೆರೆ ಎಳೆದ್ರೆ ಪಾತಾಳದವರೆಗೂ ಗೆರೆನೇ."

"ಹಾಗಾದ್ರೆ ಕಾಲು ಮಡಚಿ ಮಲಗ್ತೇನೆ," ಎಂದಳು ಅಜ್ಜಿ, ಬಯಲಾಟದ ಕನ್ನಡ ಮರೆತು.

ಎಲ್ಲರೂ ನಕ್ಕರು, ಫಿಲೊಮಿನಾ ಬಾಯಿಯೊಬ್ಬರನ್ನು ಬಿಟ್ಟು. ಅವರು ಕಮಾನಿಗೆ ಅಂಗೈ ಒತ್ತಿ ನಿಂತಿದ್ದರು. ಅವರ ಮನೆಯ ಪಂಚಾಂಗ, ಅಂದರೆ ಅಡಿಪಾಯ, ಸರಿಯಾಗಿ ಅದರ ಮೇಲೆಯೇ ಬರಲಿಕ್ಕಿತ್ತು.

ಈಚೆಗೆ ಕಾಪುವಿನಲ್ಲಿ ನಾದಿನಿಯ ಸೈಟಿನ ಅಳತೆಗೆ ಹೋಗಿದ್ದೆ. ಈಗ ಟೇಪೂ ಇಲ್ಲ, ಬಾವುಟವೂ ಇಲ್ಲ. ಹುಡುಗಿಯೊಬ್ಬಳು ತುದಿಯಲ್ಲಿ ಬಿಳಿ ಬಟ್ಟಲಿನಂಥದ್ದು ಇರುವ ಕೋಲನ್ನು ನೆಲಕ್ಕೆ ಊರಿ, ಕೈಯ ಫೋನು ನೋಡಿ, ಆಯ್ತು ಆಂಟಿ ಅಂದಳು. ಆಕಾಶದ ಉಪಗ್ರಹ ನೋಡಿ ಹೇಳುತ್ತದಂತೆ. ಕೆಳಗೆ ಏನುಂಟು ಎಂದು ಅದಕ್ಕೆ ಕಾಣುತ್ತದಾ ಎಂದು ಕೇಳಿದೆ. ಕೆಳಗೆ ಎಂತ ಇರ್ತದೆ ಆಂಟಿ, ಎಂದು ಅವಳು ನಕ್ಕಳು. ನಾನೂ ನಕ್ಕೆ. ಮನೆಗೆ ಬರುವ ಬಸ್ಸಿನಲ್ಲಿ ಮಾತ್ರ ಉಡುಪಿ ದಾಟುವವರೆಗೂ ನನಗೆ ಅಜ್ಜಿಯ ಚಾಪೆಯೇ ಕಣ್ಣಮುಂದೆ.

ಸರ್ವೇ ಆದ ಮೇಲಿನ ದಿನಗಳಲ್ಲಿ ಅಪ್ಪ ಊಟದ ಮಧ್ಯೆ ಎದ್ದು ಹೋಗಿ ಕೋಣೆಯ ಕಮಾನನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು. ಮೇಲಿನ ಚಿಪ್ಪು ಎಷ್ಟು ದಪ್ಪ ಇದೆ ಎಂದು ಅವರಿಗೆ ಗೊತ್ತಿತ್ತು, ಹುಲ್ಲನ್ನೂ ದನವನ್ನೂ ಹೊರುವಷ್ಟು. ಮನೆಯನ್ನು ಹೊರುವಷ್ಟಲ್ಲ. ಕೋಣೆಯನ್ನು ಕಲ್ಲು ಮಣ್ಣು ಹಾಕಿ ತುಂಬಿಸಲೇಬೇಕು. ಆದರೆ ತುಂಬಿಸುವ ಮೊದಲು ತಾಯಿಗೆ ಇನ್ನೊಂದು ಮಾಡಿಕೊಡಬೇಕು ಎಂದು ಅವರು ಹಟ ಹಿಡಿದರು. ಬಡಗಣ ಬದಿಯ ಮುಖದಲ್ಲಿ ಕಡಿಯಲು ಸುರು ಮಾಡಿದರು. ಒಬ್ಬರು ಕೂರುವಷ್ಟು ಒಳಗೆ ಹೋಗಿದ್ದರು, ಕೊಡಲಿಯ ಸದ್ದು ಬದಲಾಯಿತು. ಅಂಗಳದಲ್ಲಿದ್ದ ನನಗೂ ಅದು ಕೇಳಿಸಿತು, ಟಣ್ ಎನ್ನುತ್ತಿದ್ದದ್ದು ದೊಪ್ ಎಂದಿತು. ಅಪ್ಪ ಹೊರಗೆ ಬಂದಾಗ ಕೈ ಮೊಣಕೈವರೆಗೆ ಬಿಳಿಯಾಗಿತ್ತು. ಆ ಬದಿಯಲ್ಲಿ ಶೇಡಿ ಮೇಲೆಯೇ ಇತ್ತು. ಅದರಲ್ಲಿ ಕಮಾನು ನಿಲ್ಲುವುದಿಲ್ಲ. ಆಮೇಲೆ ಆ ಗುಳಿಯಲ್ಲಿ ಅಮ್ಮ ರಾತ್ರಿ ಕೋಳಿಗಳನ್ನು ಕೂಡುತ್ತಿದ್ದಳು. ತೆಂಕಣ ಬದಿಯಲ್ಲಿ ಧಣಿಗಳ ಹೊಸ ಲಾರಿದಾರಿ, ಮೂಡಣದಲ್ಲಿ ಇಳಿಜಾರು. ಇನ್ನು ಕಡಿಯಲು ಮುಖವೇ ಉಳಿದಿರಲಿಲ್ಲ. ಆದರೂ ಅಪ್ಪ ಇವತ್ತು ನಾಳೆ ಎಂದು ತಳ್ಳುತ್ತಿದ್ದರು. ಮೇಲೆ ಫಿಲೊಮಿನಾ ಬಾಯಿಯ ಕಲ್ಲು, ಹೊಯ್ಗೆ ಬಂದು ರಾಶಿ ಬಿದ್ದಿದ್ದವು. ಮಳೆಗೆ ಮೊದಲು ಪಂಚಾಂಗ ಏಳದಿದ್ದರೆ ಅವರಿಗೆ ಇನ್ನೊಂದು ವರ್ಷ ಅಣ್ಣನ ಮನೆಯೇ ಗತಿ. ಆದರೂ ಯಾವಾಗ ತುಂಬಿಸುತ್ತೀರಿ ಎಂದು ಅವರು ಒಂದು ಸಲವೂ ಕೇಳಲಿಲ್ಲ. ಅದು ಅಪ್ಪನಿಗೆ ಇನ್ನಷ್ಟು ಕಷ್ಟವಾಯಿತು.

ಒಂದು ದಿನ ಅವರೇ ಇಳಿದು ಬಂದರು, ಕೈಯಲ್ಲಿ ಒಂದು ಹಲಸಿನ ಹಣ್ಣಿನ ಅರ್ಧ ಹಿಡಿದುಕೊಂಡು. ಅಜ್ಜಿ ಅವರನ್ನು ಕೋಣೆಗೆ ಕರೆದಳು. ಇಬ್ಬರೂ ಚಾಪೆಯಲ್ಲಿ ಕೂತು ಮುಂಬಯಿಯ ಬಗ್ಗೆ, ಮೊಣಕಾಲಿನ ನೋವಿನ ಬಗ್ಗೆ ಮಾತಾಡಿದರು. ಆಸ್ಪತ್ರೆಯ ಹಾಸ್ಟೆಲಿನಲ್ಲಿ ಇದ್ದಷ್ಟೂ ವರ್ಷ ತನ್ನ ಮಂಚದ ಪಕ್ಕ ಬೇರೆ ಬೇರೆಯವರ ಮಂಚವೇ ಇತ್ತೆಂದು ಬಾಯಿ ಹೇಳಿದರು. ಚಿಮಿಣಿ ಎಣ್ಣೆಯ ದೀಪದ ಬೆಳಕಿನಲ್ಲಿ ಅವರ ಮುಖ ಸೋತ ಹಾಗೆ ಕಾಣುತ್ತಿತ್ತು. ನಾನು ಪರದೆಯ ಹತ್ತಿರ ಹಲಸಿನ ತೊಳೆ ಬಿಡಿಸುತ್ತಾ ಕೂತಿದ್ದೆ.

"ಅಕ್ಕಾ, ನೀವಿರುವಷ್ಟು ದಿನ ಈ ಕೋಣೆ ಹೀಗೆಯೇ ಇರ್ಲಿ," ಎಂದರು ಬಾಯಿ. "ನನಗೆ ಅವಸರ ಇಲ್ಲ. ನಿಮ್ಮ ನಂತ್ರ ನೋಡುವ."

ಅಜ್ಜಿ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು.

"ಹಾಗೆ ಮಾಡಿದ್ರೆ ನೀವು ದಿನಾ ಇಗರ್ಜಿಗೆ ಹೋಗಿ, ಈ ಮುದುಕಿ ಬೇಗ ಹೋಗ್ಲಿ ಅಂತ ಕೇಳ್ಬೇಕಾಗ್ತದೆ ಬಾಯಿ. ನಿಮ್ಮಂಥವರ ಬಾಯಲ್ಲಿ ಅದು ಬೇಡ."

"ಛೆ, ಎಂತ ಮಾತು ಅಕ್ಕಾ ಇದು."

"ಕೇಳುವುದಿಲ್ಲ ಅಂತ ಹೇಳ್ಬಹುದು. ಮಳೆ ಬರುವಾಗ ಕೇಳಿಹೋಗ್ತದೆ. ನನಗೆ ಗೊತ್ತುಂಟು, ನಾನೂ ಅತ್ತೆಯ ಕೋಣೆಗೆ ಕಾದವಳೇ."

ಇಬ್ಬರೂ ನಕ್ಕರು. ನಗುತ್ತಲೇ ಫಿಲೊಮಿನಾ ಬಾಯಿ ಕನ್ನಡಕ ತೆಗೆದು ಒರೆಸಿಕೊಂಡರು. ಆ ಸಂಜೆ ಅಪ್ಪ ಕೈಕಾಲು ತೊಳೆದು ಬರುವ ಮೊದಲೇ ಅಜ್ಜಿ ಪೆಟ್ಟಿಗೆಯನ್ನು ತಾನೇ ಎಳೆದು ಅಡುಗೆಮನೆಗೆ ತಂದಿಟ್ಟಿದ್ದಳು. ನಾಳೆಯೇ ತುಂಬಿಸು ಎಂದಳು. ಅಪ್ಪ ಏನೋ ಹೇಳಹೊರಟರು. ಅವಳು ಕೇಳಲಿಲ್ಲ, ನನಗೆ ಜಡೆ ಹಾಕಲು ಕೂತಳು. ಜಡೆ ಎಂದಿಗಿಂತ ಬಿಗಿಯಾಗಿತ್ತು.

ಕೋಣೆ ತುಂಬಿಸುವುದು ಕಡಿಯುವುದಕ್ಕಿಂತ ಕಷ್ಟ. ಆಚೆ ಕೋರೆಯಿಂದ ಒಡಕಲು ಕಲ್ಲು ತಂದು ರಾಶಿ ಹಾಕಿದ್ದರು. ಅತಿ ಒಳಗಿನ ಮೂಲೆಯಿಂದ ಸುರು ಮಾಡಿ, ನೆಲದಿಂದ ಕಮಾನಿನವರೆಗೆ ಕಲ್ಲು ಜೋಡಿಸಿ, ಸಂದಿಗೆ ಚೂರು ಬಡಿದು, ಕಲಸಿದ ಮಣ್ಣನ್ನು ಕೋಲಿನಲ್ಲಿ ತುರುಕಿ, ಹಿಂದೆ ಹಿಂದೆ ಸರಿಯುತ್ತಾ ಬರಬೇಕು. ಮೇಲೆ ಬೆರಳು ಹೋಗುವಷ್ಟೂ ಟೊಳ್ಳು ಇರಬಾರದು. ಅಪ್ಪ ಆಳುಗಳನ್ನು ಕರೆಯಲಿಲ್ಲ. ಅಜ್ಜಿ ಅಡುಗೆಮನೆಯಲ್ಲಿ ಕೋಣೆಗೆ ಬೆನ್ನು ಹಾಕಿ ಕೂತು, ಹುಣಸೆಹುಳಿಯ ಬೀಜ ತೆಗೆಯುತ್ತಿದ್ದಳು. ಸ್ವಲ್ಪ ಹೊತ್ತಿಗೊಮ್ಮೆ ತಿರುಗದೆಯೇ ಕೇಳುತ್ತಿದ್ದಳು, ಈಗ ಎಲ್ಲಿಗೆ ಬಂತು ಎಂದು. ಒಳಗಿಂದ ಅಪ್ಪನ ಧ್ವನಿ ಬರುತ್ತಿತ್ತು.

"ಪೆಟ್ಟಿಗೆ ಇದ್ದಲ್ಲಿಗೆ."

ಮತ್ತೆ ಬಹಳ ಹೊತ್ತು ಬಡಿಯುವ ಸದ್ದು.

"ಈಗ?"

"ನಿಮ್ಮ ಕಾಲಿನ ಹತ್ರ."

ಅಮ್ಮ ಒಲೆಯ ಮುಂದೆ ನಿಂತಿದ್ದವಳು ಸೌಟು ಹಿಡಿದೇ ಹಿತ್ತಿಲಿಗೆ ಹೋದಳು. ಅವಳು ಅಳುವುದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಜ್ಜಿಯ ಮೇಲೆ ಯಾವಾಗಲೂ ಸಿಟ್ಟಿರುವ ಅಮ್ಮ ಅಳುವುದೇಕೆಂದು ನನಗೆ ಅರ್ಥವಾಗಲಿಲ್ಲ. ಸಂಜೆಗೆ ಅಪ್ಪ ಗೆರೆಯವರೆಗೆ ಬಂದು ನಿಲ್ಲಿಸಿದರು. ಸೀಮೆಸುಣ್ಣದ ಗೆರೆ ಎಂದೋ ಅಳಿಸಿಹೋಗಿತ್ತು, ಆದರೂ ಕಡಿಯುವವರ ಕಣ್ಣಿಗೆ ಅದು ಗೊತ್ತಿತ್ತು. ಉಳಿದದ್ದು ಒಂದು ಕಪಾಟಿನಷ್ಟು ಜಾಗ, ಎಣ್ಣೆ ಬಾಟ್ಲಿಯ ಗೂಡೊಂದು ಅದರಲ್ಲಿ. ಅಪ್ಪನ ಮೈ ತುಂಬ ಕೆಂಪು ಮಣ್ಣು, ದಿನಾ ಇರುವಂಥದ್ದೇ. ಅವರು ಸ್ನಾನಕ್ಕೆ ಹೋಗದೆ ಮೆಟ್ಟಿಲ ಮೇಲೆ ಕತ್ತಲಾಗುವವರೆಗೆ ಕೂತರು. ಅಜ್ಜಿ ಅವರ ಪಕ್ಕದಲ್ಲಿ ಕೂತು, ಬೆನ್ನಿಗೆ ಅಂಟಿದ ಮಣ್ಣಿನ ಹೆಂಟೆಗಳನ್ನು ಒಂದೊಂದಾಗಿ ಉಗುರಿನಿಂದ ಬಿಡಿಸಿದಳು, ಸಣ್ಣ ಮಗುವಿಗೆ ಮಾಡುವ ಹಾಗೆ.

ಮರುದಿನ ಮಧ್ಯಾಹ್ನ ಊಟ ಆದ ಮೇಲೆ ಅಜ್ಜಿ ಅಭ್ಯಾಸಬಲದಿಂದ ಪರದೆಯ ಕಡೆಗೆ ಹೋಗಿ, ಅಲ್ಲಿ ಕೈ ಎತ್ತಿ, ಹಾಗೆಯೇ ಇಳಿಸಿದಳು. ಚಾಪೆಯನ್ನು ಕಂಕುಳಲ್ಲಿ ಹಿಡಿದು ಎಲ್ಲಿ ಹಾಸುವುದೆಂದು ತಿಳಿಯದೆ ನಿಂತಳು. ಜಗಲಿಯಲ್ಲಿ ಬಿಸಿಲು, ಒಲೆಯ ಹತ್ತಿರ ಕಾವು. ಅಡುಗೆಮನೆಯ ಪಡುಗೋಡೆಯ ಬುಡದಲ್ಲಿ, ಆ ಹಳೆಯ ಮುಖಕ್ಕೆ ತಾಗಿ, ಅಮ್ಮ ದಿನಾ ಪಾತ್ರೆ ತೊಳೆದು ಬಂದು ಬೆನ್ನು ಚಾಚುವ ಒಂದು ಜಾಗ ಇತ್ತು. ಆ ಮನೆಯಲ್ಲಿ ಅವಳಿಗೆಂದು ಇದ್ದದ್ದು ಅಷ್ಟೇ. ಅಮ್ಮ ಅಲ್ಲಿಯ ತನ್ನ ಗೋಣಿಯನ್ನು ಮಡಚಿ ತೆಗೆದಳು, ನೆಲ ಗುಡಿಸಿದಳು, ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅಜ್ಜಿಯ ಕೈಯಿಂದ ಚಾಪೆ ಎಳೆದುಕೊಂಡು ಹಾಸಿದಳು.

"ಇಲ್ಲಿ ಮಲಗಿ ಮಾಮಿ. ಇಲ್ಲಿ ಗೋಡೆ ತಣ್ಣಗುಂಟು."

ಅಜ್ಜಿ ಕೂಡಲೇ ಮಲಗಲಿಲ್ಲ. ಚಾಪೆಯ ಅಂಚಿನಲ್ಲಿ ಕೂತು, ಕಲ್ಲಿಗೆ ಕೈ ಇಟ್ಟು, ತಗ್ಗಿದ ಧ್ವನಿಯಲ್ಲಿ ಕೇಳಿದಳು.

"ಇದು ಯಾರ ಜಾಗ?"

ಸರ್ವೇಯವರು ಕೋರೆಯ ಅಂಚಿನಿಂದ ಆಚೆಗೆ ಅಳೆದದ್ದು ಕೋಣೆ ಇದ್ದ ಕಡೆ ಮಾತ್ರ. ಈ ಕಡೆ ಗಡಿ ಎಲ್ಲಿ ಹಾದುಹೋಗುತ್ತದೆ ಎಂದು ಅಮ್ಮನಿಗೆ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ. ಅಮ್ಮ ದಿಂಬು ತಂದು ಇಟ್ಟಳು.

"ನಮ್ಮದು," ಎಂದಳು. "ಕಾಲು ನೀಡಿ ಮಲಗಿ."